ನಿನ್ನೆ ರಾತ್ರಿ ಇಲ್ಲಿ ಮಲಗಿದವರು

ತಲೆನೋವಿನ ಸಮೀಕ್ಷೆಯಲ್ಲಿ ಮೊದಲ ರಕ್ತ ಬಿದ್ದದ್ದು ಬಂಟ್ವಾಳ ಪೇಟೆಯಲ್ಲಿ, ಜಿನಸಿನ ಅಂಗಡಿ ಕಮಲಾಕ್ಷನ ಮನೆಯ ಚಾವಡಿಯ ಮೇಲೆ. 1962ರ ನವೆಂಬರ್ ತಿಂಗಳು. ಮುಂಬದಿಯ ಅಂಗಡಿಯ ರೇಡಿಯೋದಲ್ಲಿ ಗಡಿಯ ಯುದ್ಧದ ಸುದ್ದಿ ಬರುತ್ತಿತ್ತು. ಡಾಕ್ಟರ್ ಶಶಿಪ್ರಭಾ ಚಾಪೆಯ ಮೇಲೆ ಕುಳಿತು ಆರನೆಯ ಪ್ರಶ್ನೆ ಕೇಳಿದಳು. ಅದು ಅವಳೇ ಬರೆದ ಪ್ರಶ್ನೆ: ತಲೆಗೆ ಎಂದಾದರೂ ಪೆಟ್ಟು ಬಿದ್ದದ್ದುಂಟೇ? ಹೇಗೆ?

ಕಮಲಾಕ್ಷನ ತಮ್ಮ ಶಂಭು ಕೂಡಲೇ ಉತ್ತರಿಸಿದ. "ಉಂಟು. ಹೇಗೆ ಅಂತ ಇವನ ಹತ್ರವೇ ಕೇಳಿ."

"ಕುಡಿದು ಬಿದ್ದದ್ದು, ಡಾಕ್ಟ್ರೇ. ಹಾಗೇ ಬರ್ಕೊಳ್ಳಿ," ಎಂದ ಕಮಲಾಕ್ಷ.

"ಕುಡಿದದ್ದು ಯಾರು ಮಾರಾಯ? ಅಪ್ಪ ಸತ್ತು ಬೊಜ್ಜದ ಊಟದ ದಿವಸ ಹತ್ತು ಜನರ ಎದುರು ಸೇರು ಎತ್ತಿ ನನ್ನ ತಲೆಗೆ ಹಾಕಿದ್ದು ಯಾರು?"

ಆ ಸೇರು ಇನ್ನೂ ಅಂಗಡಿಯಲ್ಲೇ ಇತ್ತು. ಹಿತ್ತಾಳೆಯದು, ಎರಡು ತಲೆಮಾರು ಅಕ್ಕಿ ಅಳೆದದ್ದು. ಯಾರು ಮೊದಲು ಅದಕ್ಕೆ ಕೈ ಹಾಕಿದರೆಂದು ಶಶಿಪ್ರಭಾಳಿಗೆ ತಿಳಿಯಲಿಲ್ಲ. ಅಣ್ಣ ತಮ್ಮ ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಹಿಡಿದು ಚಾವಡಿಯಿಂದ ಅಂಗಳಕ್ಕೆ ಉರುಳಿದರು. ಬಿಡಿಸಲು ಹೋದವಳ ಹುಬ್ಬಿಗೆ ಸೇರಿನ ಅಂಚು ಬಡಿಯಿತು. ಶಂಭುವಿನ ಮುಂದಿನ ಹಲ್ಲು ಎರಡು ಮುರಿದವು. ಕಮಲಾಕ್ಷನ ಕಿವಿ ಅರ್ಧ ಹರಿದು ನೇತಾಡಿತು. ಪೆಟ್ಟಿನ ಸದ್ದಿಗೆ ರಸ್ತೆಯ ಬದಿಯ ಜೀಪಿನಿಂದ ಬದ್ರುದ್ದೀನ್ ಓಡಿ ಬಂದು ಇಬ್ಬರ ಕುತ್ತಿಗೆಯನ್ನೂ ಹಿಂದಿನಿಂದ ಹಿಡಿದು ಬೇರೆ ಮಾಡದಿದ್ದರೆ ಅಲ್ಲೊಂದು ಹೆಣ ಬೀಳುತ್ತಿತ್ತು.

ಬದ್ರುದ್ದೀನ್ ಪಾಣೆಮಂಗಳೂರಿನ ಬ್ಯಾರಿ ಮುಸಲ್ಮಾನ. ಕಾಲೇಜಿನವರು ಬಾಡಿಗೆಗೆ ಹಿಡಿದ ಜೀಪಿನ ಚಾಲಕ. ಅವಳ ಹುಬ್ಬಿಗೆ ಹತ್ತಿ ಒತ್ತಿ ಹಿಡಿದು, "ಡಾಕ್ಟ್ರಕ್ಕ, ನಿಮ್ಮ ಆರನೇ ಪ್ರಶ್ನೆ ಕೇಳುವಾಗ ತಲೆಗೊಂದು ಕಂಚಿನ ಪಾತ್ರೆ ಕವುಚಿಕೊಂಡು ಕೂತ್ಕೊಳ್ಳುವುದು ಒಳ್ಳೇದು," ಎಂದ.

ಆ ಪ್ರಶ್ನೆಯನ್ನೇ ಕಿತ್ತುಹಾಕಬೇಕು ಎಂದರು ಪ್ರೊಫೆಸರರು. ಕರಾವಳಿಯ ಆ ಹೊಸ ವೈದ್ಯಕೀಯ ಕಾಲೇಜಿನಲ್ಲಿ ಸಮೀಕ್ಷೆ ಅವರ ಹೆಸರಿನಲ್ಲಿತ್ತು. ಅದನ್ನು ರೂಪಿಸುವ ಕೆಲಸ ಶಶಿಪ್ರಭಾಳದು. ಆಸ್ಪತ್ರೆಗೆ ಬರುವ ತಲೆನೋವು ಬಸ್ಸು ಹತ್ತಿ ಬರಲು ಶಕ್ತಿ ಇದ್ದವರದು ಮಾತ್ರ. ಬಾರದವರು ಎಷ್ಟು ಮಂದಿ, ಯಾರು, ವರ್ಷಗಟ್ಟಲೆ ತಲೆ ಹಿಡಿದು ಕೂತವರು ಎಲ್ಲಿದ್ದಾರೆ ಎಂದು ತಿಳಿಯಬೇಕಾದರೆ ಮನೆಗೇ ಹೋಗಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಲ್ಲಿ ಪ್ರತಿ ಹತ್ತನೆಯ ಮನೆ. ಆ ಮನೆಯ ಹದಿನೈದು ದಾಟಿದ ಪ್ರತಿಯೊಬ್ಬರೂ.

"ನಾವು ಪೊಲೀಸರಲ್ಲ, ಶಶಿಪ್ರಭಾ," ಎಂದರು ಪ್ರೊಫೆಸರರು.

"ಪೆಟ್ಟಿನಿಂದ ಬಂದ ನೋವನ್ನು ಬೇರೆ ತೆಗೆಯದಿದ್ದರೆ ಉಳಿದ ನೋವು ಎಷ್ಟು ಅಂತ ಹೇಗೆ ಹೇಳುವುದು, ಸರ್?"

ಕೊನೆಗೆ ಒಂದು ನಿಯಮದ ಮೇಲೆ ಒಪ್ಪಂದವಾಯಿತು. ಪ್ರತಿಯೊಬ್ಬರನ್ನೂ ಒಂಟಿಯಾಗಿ ಕೇಳಬೇಕು. ಒಬ್ಬರ ಪರವಾಗಿ ಇನ್ನೊಬ್ಬರು ಹೇಳಿದ್ದನ್ನು ಬರೆಯಬಾರದು. ಮನೆಯಲ್ಲಿ ಇಲ್ಲದವರನ್ನು ಈ ಮೂರು ಸೀಮೆಯೊಳಗೆ ಎಲ್ಲಿದ್ದರೂ ಹುಡುಕಿ, ಅವರ ಬಾಯಿಂದಲೇ ಕೇಳಬೇಕು.

ಮೂಡಬಿದಿರೆಯ ಹೊರವಲಯದ ಒಂದು ದೊಡ್ಡ ಮನೆಯಲ್ಲಿ ಯಜಮಾನ ಮುಂಡಪ್ಪ ಮನೆಯವರ ಹೆಸರನ್ನು ಬೆರಳು ಮಡಚಿ ಹೇಳುತ್ತಾ ಹೋದ. ಅಳಿಯಸಂತಾನದ ಮನೆ, ಅಲ್ಲಿ ಹೆಣ್ಣಿನ ಮಕ್ಕಳೇ ಮನೆಯ ಮಕ್ಕಳು, ಸೋದರಮಾವನೇ ಯಜಮಾನ. ತಂಗಿ ತೀರಿಹೋಗಿದ್ದಳು. ತಂಗಿಯ ಮಗಳ ಹೆಸರು ಬಂದಾಗ ಮುಂಡಪ್ಪ ತಾನಾಗಿಯೇ, "ವಿನೋದಾ. ಇಪ್ಪತ್ತಾರು ವರ್ಷ. ತಲೆನೋವು ಇಲ್ಲ," ಎಂದ.

"ಅವರು ಮನೆಯಲ್ಲಿದ್ದಾರಾ?"

"ಮನೆಯವಳೇ. ಇರುವುದು ಮುಂಡಾಜೆಯಲ್ಲಿ, ಗಂಡನ ಹತ್ರ."

"ಹಾಗಾದರೆ ತಲೆನೋವು ಇಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ನಮ್ಮ ಮನೆಯವರ ತಲೆ ಕಗ್ಗಲ್ಲು, ಡಾಕ್ಟ್ರೇ. ನೋಯುವುದು ಹೊಡೆದವನ ಕೈಗೆ." ಅವನು ನಕ್ಕ. ನಗು ಬೇಗ ಮುಗಿಯಿತು. "ಗಂಡ ಚಿನ್ನಯ್ಯ ಅಂತ. ಹೆಂಡತಿಯ ಕೈಯಲ್ಲಿ ಪಾಲು ಕೇಳಿಸಬೇಕು ಅಂತ ಹೊರಟಿದ್ದಾನೆ. ಹೊಸ ಕಾನೂನು ಬಂದ ಮೇಲೆ ಎಲ್ಲರಿಗೂ ಪಾಲಿನ ಜ್ವರ. ನಾನೂ ಹೇಳಿ ಕಳಿಸಿದ್ದೇನೆ: ಪಾಲು ಕೇಳಲಿಕ್ಕೆ ಬರುವುದಾದರೆ ಈ ಅಂಗಳಕ್ಕೆ ಕಾಲಿಡಬೇಡ."

"ಅವರನ್ನು ನೋಡಿ ಎಷ್ಟು ಸಮಯವಾಯಿತು?"

"ಸೋಣ ತಿಂಗಳಿಗೆ, ಚೌತಿಯ ಹೊತ್ತಿಗೆ ಬರಬೇಕಿತ್ತು. ಬರಲಿಲ್ಲ." ಮುಂಡಪ್ಪ ವೀಳ್ಯದೆಲೆಯ ತಟ್ಟೆಯನ್ನು ಅವಳತ್ತ ಸರಿಸಿ ಮಾತು ಮುಗಿಸಿದ.

ಬೆಳ್ತಂಗಡಿಯ ಪ್ರವಾಸಿ ಬಂಗಲೆಯಲ್ಲಿ ಕೂತು ಅಲ್ಲಿಯವರೆಗಿನ ಮನೆಗಳನ್ನು ಒಟ್ಟು ಹಾಕುವಾಗ ಶಶಿಪ್ರಭಾಳಿಗೆ ತಾನು ಮಾಡಿದ ತಪ್ಪು ಕಂಡಿತು. ಅವಳು ಕೇಳಿದ್ದು "ನಿಮ್ಮ ಮನೆಯವರು ಯಾರೆಲ್ಲ?" ಎಂದು. ಈ ಸೀಮೆಯಲ್ಲಿ ಮದುವೆಯಾಗಿ ಹೋದವಳು ಸಾಯುವ ತನಕ ತಾಯಿಯ ಮನೆಯವಳು. ತಾಯಿಯ ಮನೆಯವರು ಅವಳ ಹೆಸರು ಹೇಳುತ್ತಿದ್ದರು, ಅವಳು ಅಲ್ಲಿರುತ್ತಿರಲಿಲ್ಲ. ಗಂಡನ ಮನೆಯಲ್ಲಿ ಅವಳು ಇರುತ್ತಿದ್ದಳು, ಅವಳ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಹುಡುಕಿ ಕೇಳಬೇಕಾದವರ ಪಟ್ಟಿ ಬೆಳೆಯುತ್ತಿತ್ತು, ಹುಡುಕಲು ಇನ್ನೂ ಹೊರಟಿರಲಿಲ್ಲ. ಹೊಸದಾಗಿ ಮದುವೆಯಾದ, ಗಂಡನ ಮನೆಯಲ್ಲಿ ದುಡಿಯುವ ಹೆಂಗಸರ ಒಂದು ಇಡೀ ಪ್ರಾಯವೇ ಸಮೀಕ್ಷೆಯಿಂದ ಜಾರಿಹೋಗಿತ್ತು. ಆಸ್ಪತ್ರೆಯ ಅನುಭವದಲ್ಲಿ ಅತಿ ಹೆಚ್ಚು ತಲೆನೋವು ಇದ್ದದ್ದು ಆ ಪ್ರಾಯದವರಿಗೇ.

ಕೇಳುವವಳು ಬೇರೆ ಊರಿನವಳಾಗಿದ್ದರೆ ಮೊದಲ ದಿನವೇ ಎಡವಿ ಎಚ್ಚರಗೊಳ್ಳುತ್ತಿದ್ದಳು. ಶಶಿಪ್ರಭಾಳೂ ಅಂಥದೇ ಮನೆಯವಳು. ಬಂಟ್ವಾಳದ ತಾಯಿಯ ಮನೆ ಹತ್ತನೆಯ ಮನೆಯಾಗಿ ಬಂದಾಗ, ಅಲ್ಲಿ ಒಂದು ರಾತ್ರಿಯೂ ಮಲಗದೆ ಎರಡು ವರ್ಷವಾಗಿದ್ದರೂ ತನ್ನ ಹೆಸರನ್ನು ತಾನೇ ಬರೆದುಕೊಂಡಿದ್ದಳು. ಆಗ ಏನೂ ಅನ್ನಿಸಿರಲಿಲ್ಲ.

ಅವಳು ಪ್ರಶ್ನೆಯನ್ನು ಬದಲಿಸಿದಳು: ನಿನ್ನೆ ರಾತ್ರಿ ಈ ಮಾಡಿನ ಕೆಳಗೆ ಮಲಗಿದವರು ಯಾರೆಲ್ಲ?

ವಿನೋದಾಳನ್ನು ಅವಳ ಬಾಯಿಂದಲೇ ಕೇಳಲು ಮರುದಿನ ಮಧ್ಯಾಹ್ನ ಮುಂಡಾಜೆಗೆ ಹೊರಟರು. ಚಾರ್ಮಾಡಿಯ ದಾರಿ. ಮಳೆಗಾಲ ಮುಗಿದು ಧೂಳು ಏಳಲು ಸುರುವಾಗಿತ್ತು.

ಚಿನ್ನಯ್ಯ ಅಂಗಳದಲ್ಲೇ ಎದುರಾದ. ಮೂವತ್ತೈದರ ಗಟ್ಟಿ ಆಳು, ಸೊಂಟದ ಕೊಕ್ಕೆಯಲ್ಲಿ ಕತ್ತಿ. ಮರ್ಯಾದೆಯಲ್ಲಿ ಏನೂ ಕೊರತೆ ಇಲ್ಲ. ಕೂರಲು ಬೆಂಚು ತೋರಿಸಿ, ಬೆಲ್ಲ ನೀರು ತರಿಸಿದ. ತಂದವಳು ಅವನ ಅಕ್ಕ ನೀಲಾವತಿ, ವಿಧವೆ. ಅವಳ ದವಡೆಯ ಮೇಲೆ ಹಳದಿಗೆ ತಿರುಗಿದ ಒಂದು ಬಾಸುಂಡೆ ಇತ್ತು. ಶಶಿಪ್ರಭಾ ಅದನ್ನು ಕಂಡಳು, ಕಂಡದ್ದನ್ನು ತೋರಿಸಿಕೊಳ್ಳಲಿಲ್ಲ.

"ಮನೆಯವರು ಐದು ಜನ," ಎಂದ ಚಿನ್ನಯ್ಯ. "ನಾನು. ಅಮ್ಮ, ಕಣ್ಣು ಕಾಣುವುದಿಲ್ಲ. ಅಕ್ಕ. ಅಕ್ಕನ ಮಗಳು, ಪುತ್ತೂರಲ್ಲಿ ಗಂಡನ ಮನೆಯಲ್ಲಿದ್ದಾಳೆ. ಮತ್ತೆ ತಮ್ಮ, ಬೊಂಬಾಯಿ ಹೋಟ್ಲಲ್ಲಿ."

"ನಿಮ್ಮ ಹೆಂಡತಿ?"

"ಅವಳು ಈ ಮನೆಯವಳಲ್ಲವಲ್ಲ. ತಾಯಿ ಮನೆಯಲ್ಲಿ ಬರೆಸಿರ್ತಾರೆ."

"ಈಗ ಎಲ್ಲಿದ್ದಾರೆ?"

"ಅಲ್ಲೇ. ಮೂಡಬಿದಿರೆಯಲ್ಲಿ. ದೀಪಾವಳಿಗೆ ಹೋದವಳು ಬರಲಿಲ್ಲ."

ಶಶಿಪ್ರಭಾ ಲೋಟ ಕೆಳಗಿಟ್ಟಳು. ಮೂಡಬಿದಿರೆಯ ಆ ಮನೆಗೆ ಹೋಗಿಯೇ ಬಂದದ್ದು ತಾನು ಎಂದು ಹೇಳಲಿಲ್ಲ. ಜೀಪಿನ ಬಾನೆಟ್ಟಿಗೆ ಒರಗಿದ್ದ ಬದ್ರುದ್ದೀನ್ ಮಾತ್ರ ತಲೆ ಎತ್ತಿ ಒಮ್ಮೆ ಅವಳನ್ನು ನೋಡಿದ. ಎರಡು ಮನೆಯಲ್ಲೂ ಇಲ್ಲದ ಹೆಂಗಸು ಎಲ್ಲಿರುತ್ತಾಳೆ? ಬಾವಿಯಲ್ಲಿ, ಇಲ್ಲವೆ ಹೊಳೆಯಲ್ಲಿ.

"ನಿಮ್ಮ ಅಕ್ಕನನ್ನು ಒಬ್ಬರನ್ನೇ ಕೇಳಬೇಕು. ನಿಯಮ ಹಾಗುಂಟು," ಎಂದಳು.

"ಕೇಳಿ, ಕೇಳಿ. ಅವಳಿಗೆ ಯಾವಾಗಲೂ ತಲೆನೋವೇ," ಎಂದು ಚಿನ್ನಯ್ಯ ಒಳಗೆ ಹೋದ.

ಬಾವಿಕಟ್ಟೆಯ ಹತ್ತಿರ ಇಬ್ಬರೂ ನಿಂತರು. ನೀಲಾವತಿ ಪ್ರಶ್ನೆಗಳಿಗೆ ಪಾಠ ಒಪ್ಪಿಸಿದ ಹಾಗೆ ಉತ್ತರಿಸಿದಳು. ನೋವು ಉಂಟು. ದಿನಾ ಉಂಟು. ಗಂಡ ಸತ್ತು ಈ ಮನೆಗೆ ವಾಪಸು ಬಂದಲ್ಲಿಂದ ಉಂಟು. ಪೆಟ್ಟು? ಅದಕ್ಕೆ ಅವಳು ದವಡೆ ಮುಟ್ಟಿಕೊಂಡಳು.

"ನಿನ್ನೆ ರಾತ್ರಿ ಈ ಮಾಡಿನ ಕೆಳಗೆ ಮಲಗಿದವರು ಯಾರೆಲ್ಲ?"

ನೀಲಾವತಿ ಮನೆಯತ್ತ ನೋಡಿದಳು. "ಇದು ಎಲ್ಲರ ಹತ್ರ ಕೇಳುವ ಪ್ರಶ್ನೆಯಾ, ಅಲ್ಲ ನನ್ನ ಹತ್ರ ಮಾತ್ರವಾ?"

"ಎಲ್ಲರ ಹತ್ರ."

"ನಾನು. ಅಮ್ಮ. ತಮ್ಮ." ಅವಳ ಕೈ ಸೆರಗನ್ನು ಹಿಂಡುತ್ತಿತ್ತು. "ಅಟ್ಟದಲ್ಲಿ ಒಬ್ಬಳು. ಅದಕ್ಕೆ ಮಲಗುವುದು ಅಂತ ಹೇಳುವುದಾ ನನಗೆ ಗೊತ್ತಿಲ್ಲ, ಡಾಕ್ಟ್ರಮ್ಮ. ಏಳುವುದೇ ಇಲ್ಲ."

ಮತ್ತೆ ತಡೆಯಿಲ್ಲದೆ ಬಂತು. ದೀಪಾವಳಿಗೆ ಮೊದಲು ಪಾಲಿನ ಅರ್ಜಿಗೆ ರುಜು ಹಾಕು ಎಂದ. ವಿನೋದಾ ಹಾಕಲಿಲ್ಲ. ಉಣ್ಣುತ್ತಿದ್ದವನು ಎದ್ದು, ಕೂತಿದ್ದ ಮಣೆಯನ್ನೇ ಎತ್ತಿ ಅವಳ ತಲೆಗೆ ಹೊಡೆದ. ಮರುದಿನ ಅವಳು ಎದ್ದಳು, ದನ ಕರೆದಳು, ನೀರು ಸೇದಿದಳು. ಎಂತದೂ ಆಗಲಿಲ್ಲ ಎಂದುಕೊಂಡರು. ವಾರ ಕಳೆದ ಮೇಲೆ ತಲೆನೋವು ಎಂದಳು. ಆಮೇಲೆ ವಾಂತಿ. ಆಮೇಲೆ ಬಲಗೈಯಿಂದ ಪಾತ್ರೆ ಜಾರತೊಡಗಿತು. ನಾಟಕ ಎಂದು ಅವನು ಮತ್ತೆ ಹೊಡೆದ. ನೆರೆಯವರು ಕೇಳತೊಡಗಿದಾಗ ಹೆಗಲ ಮೇಲೆ ಹಾಕಿ ಅಟ್ಟಕ್ಕೆ ಏರಿಸಿದ. ನೀಲಾವತಿ ಗಂಜಿಯ ತಿಳಿಯನ್ನು ಬಾಯಿಗೆ ಬಿಡುತ್ತಿದ್ದಳು. ನಿನ್ನೆಯಿಂದ ಅದೂ ಇಳಿಯುತ್ತಿಲ್ಲ.

"ಒಬ್ಬರನ್ನೇ ಕೇಳುವುದು ಅಂದರೆ ಇದಾ?" ಎಂಬ ದನಿ ಬಚ್ಚಲಿನ ಗೋಡೆಯ ಹಿಂದಿನಿಂದ ಬಂತು.

ಚಿನ್ನಯ್ಯ ಅಕ್ಕನ ಜಡೆ ಹಿಡಿದು ಎಳೆದು ಅವಳ ಹಣೆಯನ್ನು ಬಾವಿಕಟ್ಟೆಯ ಕಲ್ಲಿಗೆ ಅಪ್ಪಳಿಸಿದ. ಎರಡನೆಯ ಸಲ ಎತ್ತುವಷ್ಟರಲ್ಲಿ ಶಶಿಪ್ರಭಾ ಅವನ ತೋಳಿಗೆ ಜೋತುಬಿದ್ದಳು. ಅವನು ಕೊಡವಿದ. ಅವಳು ಬಾವಿಯ ಕೊಡಪಾನದ ಮೇಲೆ ಬಿದ್ದಳು. ಬದ್ರುದ್ದೀನ್ ಜೀಪನ್ನು ಸ್ಟಾರ್ಟ್ ಮಾಡುವ ಕಬ್ಬಿಣದ ಹ್ಯಾಂಡಲ್ ಹಿಡಿದು ಓಡಿ ಬಂದ.

"ಬಿಡು ಅವರನ್ನು! ಹೆಂಗಸಿನ ಮೇಲೆ ಎಂತ ನಿನ್ನ ಗಂಡಸ್ತಿಕೆ?"

"ಬ್ಯಾರಿ, ನನ್ನ ಅಂಗಳದಲ್ಲಿ ನಿಂತು ನನಗೆ ಹೇಳ್ತೀಯಾ?" ಚಿನ್ನಯ್ಯನ ಕೈ ಸೊಂಟಕ್ಕೆ ಹೋಗಿ ಬಂದದ್ದಷ್ಟೇ ಕಂಡಿತು. ಬದ್ರುದ್ದೀನನ ಮುಂಗೈ ಮೊಣಕೈಯವರೆಗೆ ಸೀಳಿತು. ಹ್ಯಾಂಡಲ್ ಕಲ್ಲಿನ ಮೇಲೆ ಬಿದ್ದು ಸದ್ದು ಮಾಡಿತು.

ಶಶಿಪ್ರಭಾ ಒಳಗೆ ಓಡಿದಳು. ಕತ್ತಲೆಯ ಪಡಸಾಲೆಯಲ್ಲಿ ಮುದುಕಿ "ಯಾರದು? ಯಾರದು?" ಎಂದು ಕೂಗುತ್ತಿದ್ದಳು. ಏಣಿ ಗೋಡೆಗೆ ಅಡ್ಡ ಮಲಗಿತ್ತು. ಅದನ್ನು ಎತ್ತಿ ನಿಲ್ಲಿಸಿ ಹತ್ತಿದಳು. ಅಟ್ಟದಲ್ಲಿ ಹುಲ್ಲಿನ ಹಗ್ಗ ಸುತ್ತಿದ ಅಕ್ಕಿಮುಡಿಗಳ ಸಾಲು. ಅವುಗಳ ಹಿಂದೆ, ಗೋಣಿಯ ಮೇಲೆ, ತನ್ನದೇ ಹೊಲಸಿನಲ್ಲಿ ಒಂದು ಹೆಂಗಸು. ಉಸಿರು ಇತ್ತು. ಗೊರಕೆಯಂಥ ಉಸಿರು. ಶಶಿಪ್ರಭಾ ರೆಪ್ಪೆ ಬಿಡಿಸಿ ಟಾರ್ಚ್ ಹಾಕಿದಳು. ಬಲಗಣ್ಣಿನ ಪಾಪೆ ಬೆಳಕಿಗೆ ಕುಗ್ಗಿತು. ಎಡಗಣ್ಣಿನದು ಅಗಲವಾಗಿ, ಕಪ್ಪಗೆ, ಕದಲದೆ ಇತ್ತು. ಬುರುಡೆಯೊಳಗೆ ವಾರಗಟ್ಟಲೆ ಸೋರಿ ನಿಂತ ರಕ್ತ ಮಿದುಳನ್ನು ಒತ್ತುತ್ತಿದೆ. ತೂತು ಕೊರೆದು ಅದನ್ನು ಹೊರಬಿಡದಿದ್ದರೆ ಇವಳಿಗೆ ಇನ್ನೊಂದು ಬೆಳಗಿಲ್ಲ.

ಏಣಿ ಅಲುಗಿತು. ಚಿನ್ನಯ್ಯ ಮೇಲೆ ಬರುತ್ತಿದ್ದ. ಮೊದಲು ಕತ್ತಿ ಕಂಡಿತು, ಆಮೇಲೆ ಮುಖ.

ಯೋಚಿಸಲು ಸಮಯವಿರಲಿಲ್ಲ. ಹತ್ತಿರದ ಅಕ್ಕಿಮುಡಿಗೆ ಬೆನ್ನು ಕೊಟ್ಟು, ಗೋಡೆಗೆ ಕಾಲು ಒತ್ತಿ, ತಳ್ಳಿದಳು. ಮಣಭಾರದ ಮುಡಿ ಉರುಳಿ ಅವನ ಹೆಗಲ ಮೇಲೆ ಬಿತ್ತು. ಏಣಿ, ಮನುಷ್ಯ, ಮುಡಿ ಎಲ್ಲವೂ ಒಟ್ಟಿಗೆ ನೆಲಕ್ಕೆ ಹೋದವು. ಮುಡಿ ಒಡೆದು ಅಕ್ಕಿ ಚೆಲ್ಲಿತು.

ಅವನು ಎದ್ದ. ಅಕ್ಕಿಯ ಮೇಲೆ ಕಾಲು ಜಾರುತ್ತಿದ್ದರೂ ಎದ್ದು ಕತ್ತಿಗಾಗಿ ತಡಕಾಡಿದ. ಕತ್ತಿ ಸಿಕ್ಕಿತು. ಏಣಿಯನ್ನು ಮತ್ತೆ ಒರಗಿಸಿ ಮೆಟ್ಟಿಲಿಗೆ ಕಾಲಿಟ್ಟ. ಆಗ ಬಾಗಿಲಲ್ಲಿ ನೀಲಾವತಿ ಕಂಡಳು. ಹಣೆಯಿಂದ ಇಳಿದ ರಕ್ತ ಒಂದು ಕಣ್ಣನ್ನು ಮುಚ್ಚಿತ್ತು. ಕೈಯಲ್ಲಿ ಒನಕೆ ಇತ್ತು. ಭತ್ತ ಕುಟ್ಟುವವಳ ಹಾಗೆ ಎರಡೂ ಕೈಯಿಂದ ಎತ್ತಿ ತಮ್ಮನ ಬಲಗಿವಿಯ ಮೇಲೆ ಒಂದೇ ಪೆಟ್ಟು ಹಾಕಿದಳು.

ಚಿನ್ನಯ್ಯ ಏಣಿಯ ಬುಡದಲ್ಲಿ, ಅಕ್ಕಿಯ ಮೇಲೆ ಕುಸಿದು ಬಿದ್ದ.

ವಿನೋದಾಳನ್ನು ಅಟ್ಟದಿಂದ ಇಳಿಸಿದ್ದು ಬೆಡ್‌ಶೀಟಿನಲ್ಲಿ ಕಟ್ಟಿ, ಹಗ್ಗ ಹಾಕಿ. ಬದ್ರುದ್ದೀನನ ಕೈಗೆ ಬಟ್ಟೆ ಬಿಗಿದಿತ್ತು. ಉಳಿದ ಒಂದೇ ಕೈಯಲ್ಲಿ ಅವನು ಹಗ್ಗ ಹಿಡಿದ. ಅಷ್ಟರಲ್ಲಿ ಚಿನ್ನಯ್ಯನಿಗೂ ಎಚ್ಚರವಾಗಿ ಗೋಡೆಗೆ ಒರಗಿ ಕೂತು ಬೈಯಲು ಸುರು ಮಾಡಿದ್ದ. ಶಶಿಪ್ರಭಾ ಅವನ ಗಾಯ ಮುಟ್ಟಿ ನೋಡಿದಳು. ಕಿವಿಯ ಮೇಲಿನ ಎಲುಬು ಬೆರಳಿನ ಕೆಳಗೆ ಕರಕರ ಎಂದಿತು.

"ಇವನನ್ನೂ ಜೀಪಿಗೆ ಹಾಕು."

"ಇವನನ್ನಾ?" ಬದ್ರುದ್ದೀನ್ ತನ್ನ ಕೈ ಎತ್ತಿ ತೋರಿಸಿದ. "ಡಾಕ್ಟ್ರಕ್ಕ, ನಿಮಗೆ ತಲೆ ಸರಿ ಉಂಟಾ? ಇಲ್ಲೇ ಬಿದ್ದಿರಲಿ. ಮಾತಾಡ್ತಾನಲ್ಲ, ಸಾಯುವುದಿಲ್ಲ."

"ಈಗ ಮಾತಾಡ್ತಾನೆ. ಒಳಗೆ ರಕ್ತನಾಳ ಹರಿದಿದ್ದರೆ ಒಂದೆರಡು ಗಂಟೆ ಸರಿ ಇರ್ತಾನೆ, ಆಮೇಲೆ ನಿದ್ದೆ ಬಂದವನ ಹಾಗೆ ಹೋಗ್ತಾನೆ. ಇವನು ಸತ್ತರೆ ಇವನ ಅಕ್ಕ ಕೊಲೆಗಾತಿ ಆಗ್ತಾರೆ."

ನೀಲಾವತಿ ಹೊಸ್ತಿಲಲ್ಲಿ ಕುಳಿತಿದ್ದಳು. "ನಾನು ಅಮ್ಮನನ್ನು ಬಿಟ್ಟು ಬರುವುದಿಲ್ಲ," ಎಂದಳು. "ಪೊಲೀಸರಿಗೆ ಹೇಳಿ, ಇಲ್ಲೇ ಇರ್ತೇನೆ ಅಂತ. ಅವಳನ್ನು ಬದುಕಿಸಿ. ಇಷ್ಟೆಲ್ಲ ಆದ ಮೇಲೆ ಅವಳು ಸಾಯಬಾರದು."

ಜೀಪಿನ ಹಿಂಬದಿಯಲ್ಲಿ ಗಂಡ ಹೆಂಡತಿಯನ್ನು ಒಬ್ಬರ ಕಾಲಿನ ಕಡೆ ಇನ್ನೊಬ್ಬರ ತಲೆ ಬರುವಂತೆ ಮಲಗಿಸಿದರು. ಶಶಿಪ್ರಭಾ ನಡುವೆ ಕೂತಳು. ಚಿನ್ನಯ್ಯನ ಕೈಗಳನ್ನು ಬದ್ರುದ್ದೀನ್ ಹಲ್ಲಿನಲ್ಲಿ ತುದಿ ಕಚ್ಚಿ ಹುರಿಹಗ್ಗದಿಂದ ಕಟ್ಟಿದ್ದ. ಉಜಿರೆಯವರೆಗೂ ಅವನು ಬೈಯುತ್ತಲೇ ಬಂದ: ಅಕ್ಕನನ್ನು, ಬ್ಯಾರಿಯನ್ನು, ಮುಂಡಪ್ಪನ ಇಡೀ ಕುಟುಂಬವನ್ನು.

"ಬೈಯಿ, ಬೈಯಿ," ಎಂದು ಒಂದೇ ಕೈಯಲ್ಲಿ ಜೀಪು ಓಡಿಸುತ್ತಾ ಬದ್ರುದ್ದೀನ್ ಮುಂದಿನಿಂದ ಹೇಳುತ್ತಿದ್ದ. "ನೀನು ಬೈಯುವಷ್ಟು ಹೊತ್ತು ನಮಗೆ ಧೈರ್ಯ."

ಬೆಳ್ತಂಗಡಿ ಠಾಣೆಯಲ್ಲಿ ಜೀಪಿನಿಂದ ಇಳಿಯದೆಯೇ ವಿಷಯ ತಿಳಿಸಿದರು. ಅಲ್ಲಿಂದ ಮುಂದೆ ಬೈಗುಳ ತಡೆತಡೆದು ಬರತೊಡಗಿತು. ಬಂಟ್ವಾಳ ದಾಟುವಾಗ ಅವನು ವಾಂತಿ ಮಾಡಿದ. ಪಾಣೆಮಂಗಳೂರಿನ ಸೇತುವೆಯ ತಿರುವು ಬರುವಾಗ ಅವನ ಬಾಯಿ ನಿಂತಿತು. ಶಶಿಪ್ರಭಾ ಕೆನ್ನೆಗೆ ಹೊಡೆದು ಕರೆದಳು. ಉತ್ತರವಿಲ್ಲ. ಫರಂಗಿಪೇಟೆ ಕಳೆಯುವಾಗ ರೆಪ್ಪೆ ಬಿಡಿಸಿ ನೋಡಿದರೆ ಅವನ ಬಲಗಣ್ಣಿನ ಪಾಪೆ ಅಗಲವಾಗುತ್ತಿತ್ತು.

ಈಗ ಅವಳ ಎರಡೂ ಬದಿಯಲ್ಲಿ ಒಂದೇ ಬಗೆಯ ಗೊರಕೆ.

ಮಂಗಳೂರಿನ ಆಸ್ಪತ್ರೆಯಲ್ಲಿ ತಲೆಬುರುಡೆ ಕೊರೆಯಬಲ್ಲ ಸರ್ಜನ್ ಒಬ್ಬರೇ ಇದ್ದರು. ಶಸ್ತ್ರಕ್ರಿಯೆಯ ಮೇಜು ಒಂದು, ಕೈಯಿಂದ ತಿರುಗಿಸುವ ಬೈರಿಗೆ ಒಂದು. ಸಂಜೆ ಇಳಿಯುತ್ತಿತ್ತು. ವರಾಂಡದಲ್ಲಿ ಅಕ್ಕಪಕ್ಕ ಇಟ್ಟ ಎರಡು ಸ್ಟ್ರೆಚರುಗಳ ನಡುವೆ ಸರ್ಜನ್ ಬಾಗಿ, ಎರಡು ಕಣ್ಣು, ಎರಡು ನಾಡಿ ನೋಡಿದರು.

"ಯಾರ ಪಾಪೆ ಮೊದಲು ಹೋದದ್ದು?"

"ಇವಳದು. ನಾನು ನೋಡುವಾಗಲೇ ಹೋಗಿತ್ತು. ಮಧ್ಯಾಹ್ನ."

"ಇವನದು?"

"ಅರ್ಧ ಗಂಟೆ."

ಸರ್ಜನ್ ನೆಟ್ಟಗಾದರು. "ಹಾಗಾದರೆ ನಿನಗೂ ಗೊತ್ತುಂಟು. ಇವನದು ಹೊಸ ರಕ್ತ. ಈಗಲೇ ತೆಗೆದರೆ ನಾಳೆ ಎದ್ದು ಕೂರ್ತಾನೆ. ತಡವಾದರೆ ಇಲ್ಲ. ಅವಳದು ವಾರಗಟ್ಟಲೆ ಹಳೆಯದು. ತೆಗೆದರೂ ಬದುಕ್ತಾಳೆ ಅಂತ ನಾನು ಹೇಳಲಾರೆ. ಯಾರನ್ನು ಮೇಜಿಗೆ ಹಾಕುವ? ಕರಕೊಂಡು ಬಂದವಳು ನೀನು."

ಪುಸ್ತಕ ಏನು ಹೇಳುತ್ತದೆಂದು ಅವಳಿಗೆ ಗೊತ್ತಿತ್ತು. ಖಂಡಿತ ಉಳಿಯುವವನನ್ನು ಮೊದಲು ಉಳಿಸು. ಅವನು ಉಳಿದರೆ ನೀಲಾವತಿಯ ಮೇಲೆ ಬರುವುದು ಹೊಡೆದಾಟದ ಕೇಸು, ಸತ್ತರೆ ಕೊಲೆ. ಅವನನ್ನು ಮೊದಲು ಹಾಕುವುದರಲ್ಲಿ ನ್ಯಾಯವೂ ಇತ್ತು, ನೀಲಾವತಿಯ ಹಿತವೂ ಇತ್ತು. ಆದರೆ ಅದು ಮುಗಿಯುವ ತನಕ ಈ ಹೆಂಗಸು ಕಾಯಬೇಕು. ಅಟ್ಟದ ಮೇಲೆ ಕಾದಂತೆ.

ವಿನೋದಾಳ ಉಸಿರು ನಿಂತು, ಮತ್ತೆ ಎಳೆದುಕೊಂಡಿತು.

"ಅವಳನ್ನು," ಎಂದಳು ಶಶಿಪ್ರಭಾ.

ಸ್ಟ್ರೆಚರ್ ಒಳಗೆ ಹೋಯಿತು.

ಅವಳೇ ಅರಿವಳಿಕೆಯ ಬದಿಯಲ್ಲಿ ನಿಂತು ತಲೆ ಹಿಡಿದುಕೊಂಡಳು. ಕೂದಲು ಬೋಳಿಸಿದಾಗ ಮಣೆಯ ಮೂಲೆ ಬಿದ್ದ ಜಾಗ ಕಂಡಿತು. ಗಾಯ ಒಣಗಿ ಮೇಲೆ ಚರ್ಮ ಬಂದಿತ್ತು. ಬೈರಿಗೆ ಎಲುಬಿನಲ್ಲಿ ತಿರುಗುವ ಸದ್ದು ಅವಳ ಅಂಗೈಯೊಳಕ್ಕೆ ಬರುತ್ತಿತ್ತು. ಒಳಗಿನ ಪೊರೆಯನ್ನು ಕೊಯ್ದ ಕೂಡಲೇ ಕಾಕಂಬಿ ಬಣ್ಣದ ಹಳೆಯ ರಕ್ತ ಚಿಮ್ಮಿ ಸರ್ಜನರ ಎದೆಗೆ ಬಿತ್ತು, ಮತ್ತೆ ಸುರಿಯುತ್ತಲೇ ಇತ್ತು. ಎರಡನೆಯ ತೂತು ಕೊರೆಯುವಾಗ ವಿನೋದಾಳ ಎಡಗಣ್ಣಿನ ಪಾಪೆ ಮೆಲ್ಲನೆ ಕುಗ್ಗಿತು.

"ಜೀವ ಹಿಡಿದಿದ್ದಾಳೆ," ಎಂದರು ಸರ್ಜನ್.

ಹೊರಗೆ ಬಂದಾಗ ವರಾಂಡದಲ್ಲಿ ಗೊರಕೆ ಇರಲಿಲ್ಲ. ಬದ್ರುದ್ದೀನ್ ಸ್ಟ್ರೆಚರಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಚಿನ್ನಯ್ಯನ ಕೈಗಳ ಹಗ್ಗವನ್ನು ಬಿಚ್ಚಿದ್ದ.

"ಹೋದ," ಎಂದ. "ನಿಮ್ಮ ಕೆಲಸ ಮುಗಿಯುವುದಕ್ಕೆ ಸ್ವಲ್ಪ ಮೊದಲು."

ವಿನೋದಾಳಿಗೆ ಎಚ್ಚರ ಬಂದದ್ದು ಮರುದಿನ ಮಧ್ಯಾಹ್ನ. ಕಣ್ಣು ತೆರೆದು ಗೋಡೆಗಳನ್ನು ನೋಡಿ, ಬಲಗೈಯ ಬೆರಳು ಅಲ್ಲಾಡಿಸಿ, ನೀರು ಕೇಳಿದಳು. ಅದನ್ನು ನೋಡಿಯೇ ಶಶಿಪ್ರಭಾ ಬೆಳ್ತಂಗಡಿಗೆ ಹೊರಟಳು. ಸುದ್ದಿಯನ್ನು ಪೊಲೀಸರ ಬಾಯಿಂದ ನೀಲಾವತಿ ಕೇಳಬಾರದು ಎಂಬುದಷ್ಟೇ ಅವಳ ಮನಸ್ಸಿನಲ್ಲಿತ್ತು.

ಠಾಣೆಯಲ್ಲಿ ಹೆಂಗಸರಿಗೆ ಬೇರೆ ಕೋಣೆ ಇರಲಿಲ್ಲ. ನೀಲಾವತಿಯನ್ನು ಹಿಂದಿನ ಜಗಲಿಯಲ್ಲಿ ಕೂರಿಸಿದ್ದರು. ಹಣೆಗೆ ಯಾರೋ ಅರಿಸಿನ ಮೆತ್ತಿದ್ದರು. ಅಮ್ಮನನ್ನು ಪುತ್ತೂರಿನಿಂದ ನೀಲಾವತಿಯ ಮಗಳು ಬಂದು ಕರೆದುಕೊಂಡು ಹೋಗಿದ್ದಳಂತೆ.

"ಅವಳು?" ಎಂದಳು, ಶಶಿಪ್ರಭಾ ಕೂರುವ ಮೊದಲೇ.

"ಬದುಕಿದ್ದಾಳೆ. ಮಾತಾಡಿದಳು."

ನೀಲಾವತಿಯ ಹೆಗಲು ಇಳಿಯಿತು. "ತಮ್ಮ?"

"ಇಲ್ಲ."

ಜಗಲಿಯ ಆ ತುದಿಯಲ್ಲಿದ್ದ ಪೇದೆ ಬೀಡಿ ಕೆಳಗಿಟ್ಟು ಇತ್ತ ನೋಡಿದ.

"ಒಂದೇ ಮೇಜು ಇದ್ದದ್ದು," ಎಂದಳು ಶಶಿಪ್ರಭಾ. "ಅವನನ್ನು ಮೊದಲು ಹಾಕಿದ್ದರೆ ಉಳಿಯುತ್ತಿದ್ದ. ನಿಮ್ಮ ಮೇಲೆ ಇಷ್ಟು ದೊಡ್ಡ ಕೇಸು ಬರ್ತಿರಲಿಲ್ಲ. ಅವಳನ್ನು ಹಾಕಿ ಅಂತ ಹೇಳಿದ್ದು ನಾನು. ಕೋರ್ಟಿನಲ್ಲಿಯೂ ಹಾಗೇ ಹೇಳ್ತೇನೆ."

"ಅವನು ಕಾಯ್ತಾ ಇದ್ದದ್ದು ಎಲ್ಲಿ?"

"ಹೊರಗೆ. ವರಾಂಡದಲ್ಲಿ."

"ಒಬ್ಬನೇ?"

"ಬದ್ರುದ್ದೀನ್ ಇದ್ದ."

"ಹೋಗುವಾಗ ಬಾಯಿಗೆ ನೀರು ಬಿಟ್ಟರಾ?"

ಶಶಿಪ್ರಭಾಳಿಗೆ ಗೊತ್ತಿರಲಿಲ್ಲ. ಅವಳು ಎದ್ದು ಹೊರಗೆ ಹೋಗಿ, ಜೀಪಿನಲ್ಲಿ ಕೈಯನ್ನು ಎದೆಗೆ ಒತ್ತಿ ಕೂತಿದ್ದ ಬದ್ರುದ್ದೀನನನ್ನು ಕೇಳಿ ಬಂದಳು.

"ಬಿಟ್ಟನಂತೆ. ನಳ್ಳಿಯಿಂದ ಅಂಗೈಯಲ್ಲಿ ತಂದು. ಎರಡು ಸಲ."

ತಮ್ಮನ ಕತ್ತಿ ಸೀಳಿದ್ದು ಅವನ ಇನ್ನೊಂದು ಕೈಯನ್ನು ಎಂದು ನೀಲಾವತಿಗೆ ನೆನಪಾಗಿರಬೇಕು. ನೀರು ಬಿಟ್ಟದ್ದು ಬ್ಯಾರಿಯ ಕೈ ಎಂದೂ. ಅವಳು ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ಅರಿಸಿನ ಕೆದರಿ ಗಾಯ ಮತ್ತೆ ಒಸರಿತು.

"ಅವನಿಗೆ ಊಟ ಆಯಿತಾ ಅಂತ ಕೇಳಿ," ಎಂದಳು. "ಒಂದು ಕೈಯಲ್ಲಿ ಉಣ್ಣಲಿಕ್ಕೆ ಕಷ್ಟ ಆಗ್ತದೆ."